ಹೆಣ್ಣಿನ ಕಡೆಯವರೋ, ಸರ್ಕಾರದ ಕಡೆಯವರೋ

ಜನಕ್ಕೆ ಕೆಲಸ ಇರಲಿಲ್ಲ, ಹಾಗಾಗಿ ನನಗೆ ಇತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ನಿರುದ್ಯೋಗಿಗಳ ಹೆಸರು ಬರೆದುಕೊಳ್ಳುತ್ತ, ಆಮೇಲೆ ಅವರಿಗೆ ಭತ್ಯೆ ಹಂಚುತ್ತ ನಾನು ನಿವೃತ್ತಿಯವರೆಗೆ ಬಂದೆ. ಯಾರಿಗಾದರೂ ಕೆಲಸ ಸಿಕ್ಕಿ ಪೇಡ ತಂದುಕೊಟ್ಟರೆ ತಿನ್ನುತ್ತಿದ್ದೆವು. ಎಲ್ಲರಿಗೂ ಸಿಕ್ಕಿಬಿಟ್ಟಿದ್ದರೆ ನಾವೇ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಅಂಥ ಅಪಾಯ ಒಮ್ಮೆಯೂ ಬರಲಿಲ್ಲ.

ಈಗ ಇದನ್ನು ಬರೆಯಲು ಕೂತದ್ದು ಪತ್ರಿಕೆಯಲ್ಲಿ ಬಂದ ಒಂದು ಸುದ್ದಿಯಿಂದ. ನಿರುದ್ಯೋಗ ಭತ್ಯೆಗೆ ಯಾರು ಅರ್ಹರು, ಹಣವನ್ನು ಹೇಗೆ ಕೊಡಬೇಕು ಎಂಬ ನಿಯಮಗಳನ್ನು ರಾಜ್ಯಪೂರ್ತಿ ಬದಲಿಸುವ ಕರಡು ಸಿದ್ಧವಾಗಿದೆಯಂತೆ. ಆಕ್ಷೇಪಣೆ ಇರುವವರು ಸಲ್ಲಿಸಬಹುದಂತೆ. ಆ ಕರಡು ನನಗೆ ಹಳೆಯ ಪರಿಚಯ. ನನ್ನ ಸೇವೆಯ ಕೊನೆಯ ವರ್ಷ ಅದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗಕ್ಕೆ ಬಿಟ್ಟಿದ್ದರು. ಈ ಇಲಾಖೆಗೆ ಹೊಸದಾಗಿ ಸೇರುವವರ ಕೈಗೆ ಅದು ಬರುವ ಮುಂಚೆ, ಆ ಪ್ರಯೋಗ ಹೇಗೆ ನಡೆಯಿತು ಅನ್ನುವುದು ಗೊತ್ತಿದ್ದರೆ ಒಳ್ಳೆಯದು.

ಒಂದು ಎಚ್ಚರಿಕೆ. ನಾನು ಎಂ.ಎ.ಗೆ ಓದಿದ್ದು ಇತಿಹಾಸ. ಸಾಕ್ಷಿ ಏನು ಹೇಳುತ್ತಾನೆ ಅನ್ನುವುದಕ್ಕಿಂತ, ಅದನ್ನು ಹೇಳಿದರೆ ಅವನಿಗೇನು ಲಾಭ ಅಂತ ಮೊದಲು ಕೇಳು ಅಂತ ಕಲಿಸುವ ವಿಷಯ ಅದು. ನಾನು ಡೈರಿ ಇಟ್ಟಿದ್ದೇನೆ, ಆದರೆ ಅದನ್ನು ಬರೆದವಳನ್ನು ಪೂರ್ತಿ ನಂಬುವುದಿಲ್ಲ. ಸಾಹೇಬರ ಮೇಲೆ ಸಿಟ್ಟು ಬಂದ ದಿನ ಪುಟಗಟ್ಟಲೆ ಇದೆ. ಅವರು ಒಳ್ಳೆಯ ಮಾತಾಡಿದ ದಿನ ‘ಸಂಜೆ ಮಳೆ’ ಅಂತಷ್ಟೇ ಇದೆ. ಓದುವಾಗ ಸ್ವಲ್ಪ ಕಳೆದುಕೊಂಡು ಓದಿ.

ನಾನು ಪಾಂಡವಪುರದಲ್ಲಿದ್ದ ಕಾಲಕ್ಕೆ ಎಲ್ಲವೂ ಕಾರ್ಡು. ಡಿಗ್ರಿ ಮುಗಿಸಿದವರು ಬಂದು ಹೆಸರು ನೋಂದಾಯಿಸಿ, ಆಗಾಗ ಬಂದು ನವೀಕರಿಸಿಕೊಂಡು ಹೋಗಬೇಕು. ಒಮ್ಮೆ ಒಬ್ಬರು ಮಗಳನ್ನು ಕರೆದುಕೊಂಡು ಬಂದು ಅವಳ ಹೆಸರನ್ನು ಹೊಸದಾಗಿ ಬರೆಸಿದರು. ಮುಗಿದ ಮೇಲೆ ಜೇಬಿನಿಂದ ತಮ್ಮದೇ ಹಳೆಯ ಕಾರ್ಡು ತೆಗೆದು, ಇದನ್ನೂ ಒಂದು ಸಲ ನೋಡಿ ಅಂದರು. ವಯಸ್ಸು ಮೀರಿದೆ ಅಂದೆ. ಗೊತ್ತು, ಅಭ್ಯಾಸ ತಪ್ಪಬಾರದು ಅಂತ ತಂದೆ ಅಂದರು. ನಗುತ್ತ ಅಂದರೋ, ಹಾಗೆ ನೆನಪಿಟ್ಟುಕೊಂಡರೆ ನನಗೆ ಹಗುರವಾಗುತ್ತದೋ, ಹೇಳಲಾರೆ.

ಆಮೇಲೆ ಕಂಪ್ಯೂಟರು ಬಂತು, ಅದರ ಹಿಂದೆ ಭತ್ಯೆ ಬಂತು. ಪದವಿ ಮುಗಿಸಿ ಕೆಲಸ ಸಿಗದವರ ಖಾತೆಗೆ ತಿಂಗಳು ತಿಂಗಳು ಹಣ. ಅದಕ್ಕೆ ಪ್ರತಿ ತಿಂಗಳೂ ಮೊಬೈಲಿನಲ್ಲಿ ‘ನಾನು ಇನ್ನೂ ನಿರುದ್ಯೋಗಿ’ ಅಂತ ಘೋಷಿಸಬೇಕು. ನಮ್ಮ ಕಚೇರಿಯ ಸೂಪರಿಂಟೆಂಡೆಂಟ್ ಚಿಕ್ಕಣ್ಣ, ನಾಲಿಗೆ ಹರಿತವಾಗಿದ್ದ ಮನುಷ್ಯ, ಇದನ್ನು ನೋಡಿ ಹೇಳಿದ್ದು: “ಪೆನ್ಸನ್ನಿನೋರು ವರ್ಸಕ್ಕೊಂದ್ಸಲ ಬದುಕಿವ್ನಿ ಅಂತ ಏಳ್ತಾರೆ. ಈ ಐಕ್ಳು ತಿಂಗ್ಳಿಗೊಂದ್ಸಲ ಬದುಕಿಲ್ಲ ಅಂತ ಏಳ್ಬೇಕು.”

ಆದರೂ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಹೊಸ ಸಾಹೇಬರು ಬಂದರು. ಹೆಸರು ಬೇಡ, ಅವರು ಈಗ ಇನ್ನೂ ಮೇಲಿದ್ದಾರೆ. ಅವರಿಗೆ ಹಗಲಿರುಳೂ ಒಂದೇ ಚಿಂತೆ, ಸೋರಿಕೆ. ಭತ್ಯೆ ಪಡೆಯುವವರಲ್ಲಿ ಯಾರೋ ಗುಟ್ಟಾಗಿ ದುಡಿಯುತ್ತಿದ್ದಾರೆ ಅನ್ನುವ ಅನುಮಾನ ಅವರಿಗೆ ಹಲ್ಲುನೋವಿನ ಹಾಗೆ ಕಾಡುತ್ತಿತ್ತು. ಸಭೆ ಕರೆದು, ಪರದೆಯ ಮೇಲೆ ಬಾಣ ಬಿಟ್ಟು, ಕರಡನ್ನು ವಿವರಿಸಿದರು. ಹಣವನ್ನು ತಿಂಗಳಿಗೊಮ್ಮೆ ಕೊಡುವ ಬದಲು ಮೂರು ತಿಂಗಳಿಗೊಮ್ಮೆ ಕೊಡುವುದು. ತಿಂಗಳು ತಿಂಗಳು ಕೊಟ್ಟರೆ ಜನಕ್ಕೆ ಅಭ್ಯಾಸವಾಗುತ್ತದೆ ಅಂತ ಅವರ ವಾದ. ಸಂಬಳದ ವಿಷಯದಲ್ಲಿ ಈ ವಾದ ಯಾರಿಗೂ ಹೊಳೆದಿರಲಿಲ್ಲ. ಕೆಲಸ ಹುಡುಕಿದ್ದಕ್ಕೆ ಪುರಾವೆ ತರುವುದು ಇನ್ನೊಂದು. ಕೆಲಸ ಕೇಳಿ ಇಲ್ಲವೆನ್ನಿಸಿಕೊಂಡ ಕಡೆಯಿಂದ ಮೊಹರು ಹಾಕಿಸಿಕೊಂಡು ಬರಬೇಕು. ಕೊನೆಯದು ಅವರಿಗೆ ಅಚ್ಚುಮೆಚ್ಚಿನದು. ನಿರುದ್ಯೋಗಿ ನಿಜಕ್ಕೂ ನಿರುದ್ಯೋಗಿಯೇ ಅನ್ನುವುದನ್ನು ನೆರೆಹೊರೆಯವರಲ್ಲಿ ಗೋಪ್ಯವಾಗಿ ವಿಚಾರಿಸುವುದು. ನೆರೆಮನೆಯವರಿಗೆ ಗೊತ್ತಿಲ್ಲದ ಸತ್ಯ ಹಳ್ಳಿಯಲ್ಲಿ ಇರುವುದಿಲ್ಲ ಅಂದರು. ನಾವೆಲ್ಲ ತಲೆಯಾಡಿಸಿದೆವು. ಗೊತ್ತಿರುವುದು ಬೇರೆ, ಹೇಳುವುದು ಬೇರೆ ಅನ್ನುವುದು ಆ ಸಭೆಯಲ್ಲಿ ಕೂತಿದ್ದ ಎಲ್ಲರಿಗೂ ತಿಳಿದಿತ್ತು. ನಾವೂ ಹೇಳಲಿಲ್ಲ.

ಮೊದಲು ಪೆಟ್ಟು ತಿಂದದ್ದು ಮೊಹರಿನ ನಿಯಮ. ಶ್ರೀರಂಗಪಟ್ಟಣದಲ್ಲಿ ಹುಡುಗರು ಕೆಲಸ ಕೇಳಿಕೊಂಡು ಎಲ್ಲಿಗೆ ಹೋಗಬೇಕು? ಗಂಜಾಂನಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಫಕ್ರುದ್ದೀನ್ ಸಾಬರು ಇದ್ದರು. ಯಾರು ಬಂದರೂ ಇಲ್ಲ ಅನ್ನದೆ, ಕೆಲಸ ಇಲ್ಲ ಅಂತ ಬರೆದು ಮೊಹರು ಹಾಕಿಕೊಡುತ್ತಿದ್ದರು. ನಿಮಿಷಾಂಬ ದೇವಸ್ಥಾನಕ್ಕೆ ಹೋದಷ್ಟೇ ಜನ ಅವರ ಅಂಗಡಿಗೂ ಹೋಗತೊಡಗಿದರು. ಬರೆದು ಬರೆದು ಕೈ ನೋವು ಬಂದು ಅವರು ‘ಕೆಲಸ ಖಾಲಿ ಇಲ್ಲ’ ಅಂತಲೇ ಒಂದು ರಬ್ಬರು ಮೊಹರು ಮಾಡಿಸಿದರು. ನಾನು ವಿಚಾರಿಸಲು ಹೋದಾಗ ಅವರು ಕುರ್ಚಿ ಒರೆಸಿ ಕೊಟ್ಟು, “ಅರೆ ಮೇಡಂ, ನನ್ ಅಂಗ್ಡಿಗೆ ನಾನೊಬ್ನೇ ಎಚ್ಚು. ಮದ್ವೆ ಸೀಜನ್ ಮುಗುದ್ರೆ ನಾನೂ ನಿಮ್ತಾವ ಬತ್ತೀನಿ, ನಂಗೂ ಒಂದ್ ಮೊಹರು ಆಕ್ಸಿಕೊಡಿ” ಅಂದರು.

ಇಷ್ಟು ಜನ ಕೆಲಸ ಕೇಳಿ ಹೋದ ಜಾಗ ಅಂದರೆ ತಾಲ್ಲೂಕಿನ ಅತಿ ದೊಡ್ಡ ಉದ್ಯೋಗದಾತ ಇರಬೇಕು ಅಂತ ಕಂಪ್ಯೂಟರು ತೀರ್ಮಾನಿಸಿತು. ಸಾಹೇಬರು ಉದ್ಯೋಗ ಮೇಳಕ್ಕೆ ಫಕ್ರುದ್ದೀನ್ ಸಾಬರನ್ನು ಮುಖ್ಯ ಅತಿಥಿಯಾಗಿ ಕರೆಸಿದರು. ಅವರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ವೇದಿಕೆಯ ಮೇಲೆ ಕೂತರು. ಆ ವೇದಿಕೆಯ ಶಾಮಿಯಾನವೂ ಅವರದೇ, ಕುರ್ಚಿಗಳೂ ಅವರವೇ. ಆ ಮೇಳದಲ್ಲಿ ಕೆಲಸ ಸಿಕ್ಕಿದ್ದು ಅವರೊಬ್ಬರಿಗೆ.

ನೆರೆಹೊರೆಯ ವಿಚಾರಣೆಗೆ ನಾನೂ ಚಿಕ್ಕಣ್ಣನೂ ಹೊರಟೆವು. ಗೋಪ್ಯವಾಗಿರಬೇಕು, ಇಲಾಖೆಯ ಜೀಪು ಬೇಡ, ಕಚೇರಿಯಿಂದ ಬಂದವರು ಅಂತ ಗೊತ್ತಾಗುವಂತಿಲ್ಲ ಅಂತ ಆದೇಶ. ಹಾಗಾಗಿ ಬಾಡಿಗೆ ಕಾರು. ಚಿಕ್ಕಣ್ಣ ಬಿಳಿ ಶರ್ಟು, ಬಿಳಿ ಪಂಚೆ. ನಾನು ಸಂಜೆ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು, ಅದಕ್ಕೆ ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ. ಈ ವೇಷದಲ್ಲಿ ಕಿಕ್ಕೇರಿಯ ಹತ್ತಿರದ ಒಂದು ಊರಿಗೆ ಹೋಗಿ, ಮಹೇಶ ಅನ್ನುವ ಮದುವೆಯಾಗದ ಬಿ.ಎ. ಹುಡುಗನ ಪಕ್ಕದ ಮನೆಯ ಬಾಗಿಲಲ್ಲಿ ನಿಂತು, ಈ ಹುಡುಗ ಏನು ಮಾಡಿಕೊಂಡಿದ್ದಾನೆ ಅಂತ ಕೇಳಿದೆವು.

ಮಂಡ್ಯ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಮುಂದಿನದು ಹೇಳಬೇಕಾಗಿಲ್ಲ. ಕಾರಿನಲ್ಲಿ ಬಂದು, ಮದುವೆಯಾಗದ ಗಂಡಿನ ಬಗ್ಗೆ ಪಕ್ಕದ ಮನೆಯಲ್ಲಿ ವಿಚಾರಿಸುವ ನಡುವಯಸ್ಸಿನ ಗಂಡಸು ಹೆಂಗಸು ಅಂದರೆ ಹೆಣ್ಣಿನ ಕಡೆಯವರು. ಈ ಕಡೆ ಗಂಡುಗಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅನ್ನುವುದೂ ಎಲ್ಲರಿಗೂ ಗೊತ್ತು. ಬದುವಿನ ಜಗಳವಿದ್ದರೂ, ಬಾಯಿಬಿಟ್ಟು ಮಾತಾಡದೆ ಹತ್ತು ವರ್ಷವಾಗಿದ್ದರೂ, ಹೆಣ್ಣಿನ ಕಡೆಯವರು ಬಂದಾಗ ಪಕ್ಕದ ಮನೆಯ ಹುಡುಗನನ್ನು ಬಿಟ್ಟುಕೊಡುವಂತಿಲ್ಲ. ಅದು ಊರಿನ ಧರ್ಮ. ಇವತ್ತು ನೀನು ಅವನ ಮಗನನ್ನು ಕಾಪಾಡಿದರೆ ನಾಳೆ ಅವನು ನಿನ್ನ ಮಗನನ್ನು ಕಾಪಾಡುತ್ತಾನೆ.

ಪಕ್ಕದ ಮನೆಯ ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡು ನಮ್ಮನ್ನು ಒಳಗೆ ಕರೆದರು.

“ಚಿನ್ನದಂತ ಉಡ್ಗ ಕಣವ್ವ. ಮೈಸೂರಲ್ಲಿ ಪ್ಯಾಕ್ಟ್ರೀಲಿ ಸೂಪ್ರವೈಜರು. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಓದ್ರೆ ದೀಪ ಅಚ್ಚೋ ಒತ್ಗೆ ಬತ್ತಾನೆ. ಒಂದ್ ದಿನ ತಪ್ಪುಸ್ದೋನಲ್ಲ.”

ಬಸ್ಸಿನ ವಿಷಯ ನಿಜ. ಅವನು ಹೋಗುತ್ತಿದ್ದದ್ದು ಸರ್ಕಾರಿ ಪರೀಕ್ಷೆಗೆ ಪಾಠ ಹೇಳಿಸಿಕೊಳ್ಳಲು. ಆಕೆ ನಮ್ಮ ಊರು, ಹುಡುಗಿ ಓದಿದ್ದು ಎಲ್ಲ ಕೇಳಿದರು. ನನ್ನ ಮಗಳ ಬಗ್ಗೆ ಸುಮ್ಮನೆ ಕೇಳುತ್ತಿದ್ದಾರೆ ಅಂದುಕೊಂಡು ನಾನೂ ಹೇಳಿದೆ. ಕಾಫಿ ಬಂತು, ಕುಡಿದೆವು. ಸಂಬಂಧ ಒಗ್ಗದಿದ್ದರೆ ನೀರು ಬಿಟ್ಟು ಏನನ್ನೂ ಮುಟ್ಟದೆ ಎದ್ದು ಹೋಗುವುದು ಈ ಕಡೆಯ ಪದ್ಧತಿ. ನಾವು ಲೋಟದ ತಳ ಕಾಣಿಸುವವರೆಗೆ ಕುಡಿದದ್ದನ್ನು ಪುಟ್ಟತಾಯಮ್ಮ ಕಣ್ಣರಳಿಸಿ ನೋಡುತ್ತಿದ್ದರು. ಅಲ್ಲಿಂದ ಟೀ ಅಂಗಡಿಯ ಸಣ್ಣಪ್ಪನನ್ನು ಕೇಳಿದೆವು. ಅವನು ಮಹೇಶನಿಗೆ ಬಡ್ತಿಯನ್ನೂ ಕೊಟ್ಟುಬಿಟ್ಟ.

ವಾಪಸು ಬರುವ ದಾರಿಯಲ್ಲಿ ಚಿಕ್ಕಣ್ಣ ನನ್ನ ಮಲ್ಲಿಗೆಯನ್ನೂ ತನ್ನ ಪಂಚೆಯನ್ನೂ ಒಮ್ಮೆ ನೋಡಿಕೊಂಡು, “ಮೇಡಂ, ನಾವ್ ಎಣ್ ಕೊಡಕ್ ಓದಂಗಾಯ್ತು” ಅಂದ. ಆಗ ನನಗೂ ಹೊಳೆಯಿತು.

ಉಳಿದ ತಂಡಗಳ ಕಥೆಯೂ ಇದೇ. ಕೆ.ಆರ್. ಪೇಟೆಯಲ್ಲಿ ಮದುವೆಯಾಗದ ಗಂಡು ಹುಡುಗರೆಲ್ಲ ಒಂದೇ ವಾರದಲ್ಲಿ ಉದ್ಯೋಗಸ್ಥರಾದರು. ಹುಡುಗಿಯರ ವಿಷಯದಲ್ಲಿ ಇದು ತಲೆಕೆಳಗಾಯಿತು. ನಾಗಮಂಗಲದ ಹೊಣಕೆರೆ ಕಡೆ ಸವಿತಾ ಅನ್ನುವ ಹುಡುಗಿ ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು, ಭತ್ಯೆ ನಿಲ್ಲಿಸಿ ಅಂತ ತಾನಾಗಿಯೇ ಬರೆದುಕೊಟ್ಟಿದ್ದಳು. ವಿಚಾರಣೆಗೆ ಹೋದವರನ್ನು ಗಂಡಿನ ಕಡೆಯವರು ಅಂದುಕೊಂಡು ನೆರೆಯವರು ಹೇಳಿದ್ದು, ಅವಳು ಹಸುವಿನಂಥವಳು, ಹೊಸ್ತಿಲು ದಾಟಿದವಳಲ್ಲ ಅಂತ. ಕಂಪ್ಯೂಟರು ಅವಳನ್ನು ಮತ್ತೆ ನಿರುದ್ಯೋಗಿ ಮಾಡಿ ಹಣ ಕಳಿಸಿತು. ಅವಳು ಕಚೇರಿಗೆ ಬಂದು, ಕೇಳಿದವರಿಗೆ ಕೊಡಲ್ಲ, ಬೇಡ ಅಂದವರ ಹಿಂದೆ ಬಿದ್ದು ಕೊಡ್ತೀರಿ, ಇದು ಯಾವ ನ್ಯಾಯ ಅಂತ ನನ್ನ ಮೇಜು ಕುಟ್ಟಿದಳು. ಅರ್ಜಿ ಕೊಡಿ ಅಂದೆ. ಉತ್ತರ ಇಲ್ಲದಾಗ ನಮ್ಮ ಇಲಾಖೆಯಲ್ಲಿ ಹಾಗೆ ಅನ್ನುತ್ತೇವೆ. ನೀವೂ ಕಲಿಯುತ್ತೀರಿ.

ಮಹೇಶ ಬಂದದ್ದು ಅದರ ಮರುವಾರ. ಭತ್ಯೆ ನಿಂತಿತ್ತು. ಅವನಿಗೆ ಅದು ಮೈಸೂರಿನ ಬಸ್ಸಿನ ದುಡ್ಡು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಗಂಡಾಗಿ ಹುಟ್ಟಿದ್ದಕ್ಕೆ ಟಿಕೆಟ್ಟು. ಪರೀಕ್ಷೆ ಹತ್ತಿರದಲ್ಲಿತ್ತು. ಅಪ್ಪ ಕೊಡುವ ಪೈಕಿಯಲ್ಲ. ಹಾಲು ಕರೆದು ಡೈರಿಗೆ ಹಾಕು, ಓದಿದ್ದು ಸಾಕು ಅನ್ನುತ್ತಿದ್ದವರು. ನನ್ನ ಮುಂದೆ ನಿಂತು ಅವನು ಕೇಳಿದ್ದು ಇಷ್ಟೇ. “ಮೇಡಂ, ನಂಗೆ ಕೆಲ್ಸ ಸಿಕ್ಕದೆ ಅಂತೆ. ಎಲ್ಲಿ ಅಂತ ಏಳುದ್ರೆ ನಾಳಿಂದ ಓಗ್ತೀನಿ.”

ಮೇಲ್ಮನವಿಗೆ ಅವಕಾಶವಿತ್ತು. ಇಬ್ಬರು ನೆರೆಯವರು ಪಂಚಾಯ್ತಿಯಲ್ಲಿ, ಸಾಹೇಬರ ಎದುರು, ಎಲ್ಲರಿಗೂ ಕೇಳುವ ಹಾಗೆ ಅವನಿಗೆ ಕೆಲಸವಿಲ್ಲ ಅಂತ ಹೇಳಬೇಕು. ಅವನು ಪುಟ್ಟತಾಯಮ್ಮನ ಕಾಲು ಹಿಡಿದ. ಆಕೆ ಹೇಳಿದ್ದನ್ನು ಅವನೇ ಆಮೇಲೆ ನನಗೆ ಒಪ್ಪಿಸಿದ. “ಊರ್ ಮುಂದೆ ನಿಂಗ್ ಕೆಲ್ಸ ಇಲ್ಲ ಅಂದ್ಬುಟ್ರೆ ನಾಳೆ ಎಣ್ ಕೊಡೋರ್ಗೆ ಇದೇ ಬಾಯಲ್ಲಿ ಏನ್ಲಾ ಏಳ್ಲಿ?” ಅಂತ. ಕೊನೆಗೆ ಒಪ್ಪಿದರಂತೆ, ಒಂದು ಷರತ್ತಿನ ಮೇಲೆ. ಹೆಣ್ಣಿನ ಕಡೆಯವರ ಕಿವಿಗೆ ಬೀಳಬಾರದು. ಸಣ್ಣಪ್ಪನೂ ಒಪ್ಪಿದ.

ಆದರೆ ನಾವು ಬಂದು ಹೋದ ಸುದ್ದಿ ಆಗಲೇ ಸುತ್ತಿತ್ತು. ಕಿಕ್ಕೇರಿ ಕಡೆ ಒಬ್ಬ ಹುಡುಗನಿಗೆ ರೇಷ್ಮೆ ಸೀರೆಯವರು ಕಾರಿನಲ್ಲಿ ಬಂದು ಕಾಫಿ ಕುಡಿದು ಹೋದರು, ಒಳ್ಳೆಯ ಕೆಲಸದಲ್ಲಿದ್ದಾನಂತೆ ಅಂತ. ಇದನ್ನು ಕೇಳಿ ಹೊಣಕೆರೆ ಕಡೆಯ ಕರೀಗೌಡರು ತಮ್ಮ ಮಗಳಿಗೆ ಅವನನ್ನು ನೋಡೋಣ ಅಂತ ಹೊರಟರು. ನಿಜವಾದ ಹೆಣ್ಣಿನ ಕಡೆಯವರು. ಅವರು ಊರಿಗೆ ಬಂದ ದಿನ ಬೀದಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಪಂಚಾಯ್ತಿಯಲ್ಲಿದ್ದಾರೆ ಅಂತ ಒಂದು ಮನೆಯೊಳಗಿಂದ ಯಾರೋ ಅಂದರು. ಕರೀಗೌಡರು ಅಲ್ಲಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಂಚಾಯ್ತಿಯ ಜವಾನ ಅವರಿಗೂ ಟೀ ತಂದಿಟ್ಟ.

ಗರಿಗರಿಯಾದ ಪಂಚೆ, ಕೈಯಲ್ಲಿ ಕೊಡೆ, ಗುರುತಿಲ್ಲದ ಮುಖ. ಪುಟ್ಟತಾಯಮ್ಮ ಒಂದು ಸಲ ತಿರುಗಿ ನೋಡಿದ್ದೇ ತಡ, ಅವರ ಮುಖ ಬದಲಾಯಿತು. ಸಣ್ಣಪ್ಪನ ತೋಳು ಚಿವುಟಿದ್ದನ್ನು ನಾನು ನೋಡಿದೆ. ಸಾಹೇಬರು ಮೊದಲು ಆಕೆಯನ್ನೇ ಕರೆದರು. ಈತನಿಗೆ ಉದ್ಯೋಗ ಇದೆಯೋ ಇಲ್ಲವೋ?

“ಐತೆ ಸ್ವಾಮಿ,” ಅಂದರು ಪುಟ್ಟತಾಯಮ್ಮ, ಹಿಂದಿನ ಬೆಂಚಿಗೆ ಕೇಳುವ ಹಾಗೆ. “ಇಲ್ಲ ಅಂದೋರ್ ಬಾಯಿಗ್ ಉಳ ಬೀಳ. ಒಳ್ಳೆ ಕೆಲ್ಸ ಐತೆ.”

ಸಣ್ಣಪ್ಪನೂ ಹೌದು ಹೌದು ಅಂದ. ಸಾಹೇಬರು ನನ್ನ ಕಡೆ ನೋಡಿ ಮುಗುಳ್ನಕ್ಕರು. ನೆರೆಹೊರೆಯವರ ಮೇಲೆ ಅವರಿಟ್ಟ ನಂಬಿಕೆ ಹುಸಿಯಾಗಿರಲಿಲ್ಲ.

ಮಹೇಶನೂ ಹಿಂದೆ ತಿರುಗಿ ನೋಡಿದ್ದ. ಅಲ್ಲಿ ಕೂತವರು ಯಾರು ಅನ್ನುವುದು ಅವನಿಗೂ ತಿಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಭತ್ಯೆ ಹೋಗುತ್ತಿತ್ತು, ಸಂಬಂಧ ಉಳಿಯುತ್ತಿತ್ತು. ಅವನು ಕೈಯಲ್ಲಿದ್ದ ಅರ್ಜಿಯನ್ನು ಮಡಚುತ್ತ ನಿಂತ. ಎಷ್ಟು ಹೊತ್ತು ಅಂತ ಕೇಳಬೇಡಿ, ನನ್ನ ನೆನಪಿನಲ್ಲಿ ಅದು ಪ್ರತಿ ವರ್ಷ ಉದ್ದವಾಗುತ್ತಿದೆ.

“ಸಾಕು ಬುಡವ್ವ,” ಅಂದ ಪುಟ್ಟತಾಯಮ್ಮನಿಗೆ. ಆಮೇಲೆ ಸಾಹೇಬರ ಕಡೆ ತಿರುಗಿದ. “ನಂಗೆ ಕೆಲ್ಸ ಇಲ್ಲ ಸಾರ್. ಇದ್ದಿದ್ರೆ ಕೆಲ್ಸದ್ ದಿನ ಇಲ್ ಬಂದು ನಿಮ್ ಮುಂದೆ ನಿಂತ್ಕತಿದ್ನಾ?”

ಇಡೀ ಇಲಾಖೆಗೆ ಹೊಳೆಯದ ಪ್ರಶ್ನೆ ಅದು. ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡರು. ಹಿಂದಿನಿಂದ ಕರೀಗೌಡರು ಎದ್ದು ನಿಂತು, ಊರೋರೆಲ್ಲ ಸೇರಿ ಇಂಗ್ಯಾಕೆ ಸುಳ್ಳು ಏಳ್ತೀರಿ ಅಂದರು. ಪುಟ್ಟತಾಯಮ್ಮ ಬಿಡಲಿಲ್ಲ.

“ನಿಮ್ಮೂರಲ್ಲಿ ನೀವೇನ್ ಏಳ್ತೀರಿ ಯಜಮಾನ್ರೇ?”

ಎಲ್ಲರೂ ನಕ್ಕರು. ಕರೀಗೌಡರು ನಗಲಿಲ್ಲ. ಟೀ ಮುಟ್ಟದೆ ಕೊಡೆ ಎತ್ತಿಕೊಂಡು ಹೊರಟುಹೋದರು.

ಸಾಹೇಬರ ತೀರ್ಮಾನ ಸಂಜೆಗೆ ಬಂತು. ಅರ್ಜಿದಾರನ ಸ್ವಂತ ಮಾತಿನಲ್ಲಿ ಸ್ವಾರ್ಥವಿರುವುದರಿಂದ ಅದನ್ನು ಪರಿಗಣಿಸುವಂತಿಲ್ಲ. ನಿಸ್ವಾರ್ಥರಾದ ಇಬ್ಬರು ನೆರೆಯವರು ಆತನಿಗೆ ಉದ್ಯೋಗ ಇರುವುದನ್ನು ಬಹಿರಂಗವಾಗಿ ದೃಢಪಡಿಸಿದ್ದಾರೆ. ಮನವಿ ವಜಾ. ಹೀಗೆ ಮಹೇಶನಿಗೆ ಸರ್ಕಾರದ ಲೆಕ್ಕದಲ್ಲಿ ಕೆಲಸ ಇತ್ತು, ಹೆಣ್ಣಿನ ಕಡೆಯವರ ಲೆಕ್ಕದಲ್ಲಿ ಇರಲಿಲ್ಲ. ಎರಡೂ ಕಡೆ ಅವನಿಗೆ ನಷ್ಟವಾಗುವ ಉತ್ತರವೇ ಬಂದಿತ್ತು.

ನಾನು ಸಾಹೇಬರಿಗೆ ಒಂದು ಟಿಪ್ಪಣಿ ಬರೆದೆ. ಈ ಸೀಮೆಯಲ್ಲಿ ನೆರೆಯವರು ಯಾರಿಗೆ ಏನು ಹೇಳುತ್ತಾರೆ, ಏಕೆ ಹೇಳುತ್ತಾರೆ ಅನ್ನುವುದನ್ನೆಲ್ಲ ವಿವರಿಸಿದೆ. ‘ಸೂಕ್ತ ಆಧಾರಗಳೊಂದಿಗೆ ಮರುಸಲ್ಲಿಸಿ’ ಅಂತ ವಾಪಸು ಬಂತು. ಚಿಕ್ಕಣ್ಣ ಅದನ್ನು ಓದಿ, ಆಧಾರಕ್ಕೆ ಸಾಹೇಬರಿಗೇ ಒಂದು ಪಂಚೆ ಉಡಿಸಿ ಕಾರಿನಲ್ಲಿ ಕೂರಿಸೋಣವೇ ಅಂತ ಕೇಳಿದ. ಪ್ರಯೋಗದ ವರದಿಯಲ್ಲಿ ನಮ್ಮ ಕೆಲಸಕ್ಕೆ ‘ಕಿಕ್ಕೇರಿ ಮಾದರಿ’ ಅಂತ ಹೆಸರು ಬಿತ್ತು. ಕೇವಲ ವಿಚಾರಿಸುವುದರಿಂದಲೇ ನಿರುದ್ಯೋಗ ಇಳಿದ ಉದಾಹರಣೆ ಬೇರೆಲ್ಲೂ ಇಲ್ಲ ಅಂತ ಸಾಹೇಬರು ಭಾಷಣ ಮಾಡಿದರು. ಅದು ಸತ್ಯ. ಆಮೇಲೆ ಸ್ವಲ್ಪ ದಿನಕ್ಕೆ ನನಗೆ ನಿವೃತ್ತಿಯ ಹಾರ, ಶಾಲು.

ಮಹೇಶ ಈಗಲೂ ಆಗಾಗ ಫೋನು ಮಾಡುತ್ತಾನೆ, ಪರೀಕ್ಷೆಯ ಇತಿಹಾಸದ ಪ್ರಶ್ನೆ ಕೇಳಲು. ಬೆಳಗ್ಗೆ ಅಪ್ಪನ ಹಸು ಕರೆದು ಡೈರಿಗೆ ಹಾಲು ಹಾಕಿ, ಹಾಲಿನ ವ್ಯಾನಿನವನ ಪಕ್ಕ ಕೂತು ಪುಕ್ಕಟೆ ಹೋಗುವಷ್ಟು ದೂರ ಹೋಗಿ, ಉಳಿದದ್ದಕ್ಕೆ ಟಿಕೆಟ್ಟು ತೆಗೆಯುತ್ತಾನೆ. ಒಂದು ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ತಪ್ಪಿತು. ಇನ್ನೊಂದರ ಫಲಿತಾಂಶಕ್ಕೆ ಕಾಯುತ್ತಿದ್ದಾನೆ.

ಹೋದ ವಾರ, ಪತ್ರಿಕೆಯಲ್ಲಿ ಕರಡಿನ ಸುದ್ದಿ ಓದಿ ಆಕ್ಷೇಪಣೆ ಬರೆಯಲು ಕೂತಿದ್ದೆ. ಶ್ರೀರಂಗಪಟ್ಟಣದ ನನ್ನ ಮನೆಯ ಗೇಟಿನ ಮುಂದೆ ಒಬ್ಬರು ಬಂದು ನಿಂತರು. ಗರಿಗರಿ ಪಂಚೆ, ಕೊಡೆ. ಕರೀಗೌಡರು. ಒಳಗೆ ಕರೆದೆ. ಕಾಫಿ ಮಾಡಿ ಮುಂದಿಟ್ಟೆ. ಅವರು ಲೋಟದ ಕಡೆ ನೋಡಲಿಲ್ಲ. ಸವಿತಾ ನನ್ನ ಮಗಳು, ನಿಮ್ಮ ಮೇಜು ಕುಟ್ಟಿ ಹೋದವಳು ಅಂದರು. ಅದುವರೆಗೆ ನನಗೆ ಅದು ಗೊತ್ತಿರಲಿಲ್ಲ. ಆ ಪಂಚಾಯ್ತಿಯ ಕಥೆಯನ್ನು ಮನೆಯಲ್ಲಿ ಹೇಳಿದಾಗ, ಎಲ್ಲರೂ ನಕ್ಕರಂತೆ, ಅವಳೊಬ್ಬಳು ನಗಲಿಲ್ಲವಂತೆ. ಅಲ್ಲಿಂದ ಈಚೆಗೆ ತಂದ ಸಂಬಂಧಗಳಿಗೆಲ್ಲ, ಅಪ್ಪ, ಆ ಹುಡುಗ ಏನಾದ ಅಂತ ಕೇಳುತ್ತಿದ್ದಳಂತೆ.

ಅದಾದ ಮೇಲೆ ಅವರು ಹೇಳಿದ ಮಾತನ್ನು ನಾನು ಆ ಸಂಜೆಯೇ ಬರೆದುಕೊಂಡೆ. ಹಾಗಾಗಿ ಇದನ್ನು ಸ್ವಲ್ಪ ಮಟ್ಟಿಗೆ ನಂಬಬಹುದು.

“ನಾಕ್ ತಾಲೂಕು ಸುತ್ತಿವ್ನಿ ಮೇಡಮ್ಮೋರೆ. ಎಲ್ಲಿ ಓದ್ರೂ ಸೂಪ್ರವೈಜರೇ. ಕೆಲ್ಸ ಇಲ್ದಿರೋ ಉಡ್ಗ ಅಂತ ನಂಗ್ ಸಿಕ್ಕಿದ್ದು ಅವ್ನೊಬ್ನೇಯ.” ಕೊಡೆಯ ಹಿಡಿಕೆ ತಿರುಗಿಸುತ್ತ ಕೇಳಿದರು. “ಈಗ್ಲಾರ ಸಿಕ್ತಾ ಅವ್ನಿಗೆ ಕೆಲ್ಸ?”

ನನ್ನ ನಾಲಿಗೆಯ ತುದಿಗೆ ಬಂದದ್ದು ಪುಟ್ಟತಾಯಮ್ಮನ ಉತ್ತರ. ಇನ್ನೇನು ಸಿಕ್ಕೇಬಿಡುತ್ತದೆ, ಫಲಿತಾಂಶವೊಂದು ಬರಲಿ, ಸಿಕ್ಕಿದ ಹಾಗೇ ಅಂತ. ನಾನೂ ಈ ಸೀಮೆಯವಳೇ.

“ಇಲ್ಲ,” ಅಂದೆ. “ಇನ್ನೂ ಇಲ್ಲ.”

ಕರೀಗೌಡರು ಕೊಡೆಯನ್ನು ಗೋಡೆಗೆ ಒರಗಿಸಿ, ಕಾಫಿಯ ಲೋಟವನ್ನು ಕೈಗೆತ್ತಿಕೊಂಡರು.